ಒಳ್ಳೆಯ ಚೌಶೆಸ್ಕು ಯಾವತ್ತೂ ಇರಲಿಲ್ಲ

ರೊಮೇನಿಯಾದಲ್ಲಿ 2025ರ ಜುಲೈನಲ್ಲಿ ಒಂದು ಸಮೀಕ್ಷೆ ಹೊರಬಂತು. 1965ರಿಂದ 1989ರವರೆಗೆ ಆ ದೇಶವನ್ನು ಆಳಿದ ಕಮ್ಯುನಿಸ್ಟ್ ಸರ್ವಾಧಿಕಾರಿ ನಿಕೊಲಾಯೆ ಚೌಶೆಸ್ಕು ಒಳ್ಳೆಯ ನಾಯಕನಾಗಿದ್ದ ಎಂದವರು ಶೇ 66ರಷ್ಟು ಜನ. ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು. 1989ರ ಡಿಸೆಂಬರ್‌ನಲ್ಲಿ ಇದೇ ದೇಶದ ಜನ ಗುಂಡಿಗೆ ಎದೆಯೊಡ್ಡಿ ಈ ಮನುಷ್ಯನನ್ನು ಕೆಳಗಿಳಿಸಿದ್ದರು. ಆ ಹತ್ತು ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅದೇ ದೇಶ ಈಗ ಆತನನ್ನು ಮೆಚ್ಚಿ ನೆನೆಯುತ್ತಿದೆ.

ರೊಮೇನಿಯನ್ನರಿಗೆ ಮರೆವು ಜಾಸ್ತಿ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಸಮೀಕ್ಷೆ ಬಂದ ಹೊತ್ತಿಗೆ ಅಲ್ಲಿನ ಸರ್ಕಾರ ಖರ್ಚಿಗೆ ಕತ್ತರಿ ಹಾಕುತ್ತಿತ್ತು, ವ್ಯಾಟ್ ತೆರಿಗೆಯನ್ನು ಶೇ 19ರಿಂದ 21ಕ್ಕೆ ಏರಿಸಲು ಹೊರಟಿತ್ತು. ಅದಕ್ಕೂ ಮೊದಲು, 2024ರ ನವೆಂಬರ್‌ನಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತನ್ನು ಸಾಂವಿಧಾನಿಕ ನ್ಯಾಯಾಲಯವೇ ರದ್ದು ಮಾಡಿತ್ತು. 2025ರ ಮೇ ತಿಂಗಳಲ್ಲಿ ಮತ್ತೆ ಮತದಾನ ಆಯಿತು. ಹಾಲಿ ರಾಜಕಾರಣದ ಮೇಲೆ ನಂಬಿಕೆ ಹೋದಾಗ ಜನ ಹಳೆಯದರ ಕಡೆ ತಿರುಗುತ್ತಾರೆ. ಅದರಲ್ಲಿ ಆಶ್ಚರ್ಯ ಇಲ್ಲ.

ನನಗೆ ಯೋಚನೆ ಹಚ್ಚುವುದು ಬೇರೆ. ಚೌಶೆಸ್ಕುವನ್ನು ಹೊಗಳುವವರು ಸಾಮಾನ್ಯವಾಗಿ ಆತನನ್ನು ಎರಡು ತುಂಡು ಮಾಡುತ್ತಾರೆ. ಮೊದಲ ಹತ್ತು ವರ್ಷದವನು ಒಳ್ಳೆಯವನು: ಮಾಸ್ಕೋಗೆ ಎದುರು ನಿಂತ, ಮನೆ ಕಟ್ಟಿಸಿದ, ಕೆಲಸ ಕೊಟ್ಟ. ಆಮೇಲೆ ಉತ್ತರ ಕೊರಿಯಾ ನೋಡಿ ಬಂದ, ಹೆಂಡತಿಯ ಮಾತು ಕೇಳಿದ, ಕೆಟ್ಟ. ಈ ಕಥೆ ಕೇಳಲು ಚೆನ್ನಾಗಿದೆ, ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ನಿಲ್ಲುವುದಿಲ್ಲ. ಎಂಬತ್ತರ ದಶಕದಲ್ಲಿ ಜನರನ್ನು ಹಿಂಡಿದ ಹಗ್ಗಗಳೆಲ್ಲ ಅರವತ್ತರ ದಶಕದಲ್ಲೇ, ಅದೂ ಜನ ಚಪ್ಪಾಳೆ ತಟ್ಟುತ್ತಿದ್ದಾಗಲೇ, ಹೊಸೆದು ಇಟ್ಟವು.

ಚೌಶೆಸ್ಕು ಹುಟ್ಟಿದ್ದು 1918ರ ಜನವರಿಯಲ್ಲಿ, ದೇಶದ ದಕ್ಷಿಣದ ಸ್ಕೊರ್ನಿಚೆಷ್ಟ್ ಎಂಬ ಹಳ್ಳಿಯಲ್ಲಿ. ತುಂಬಿದ ಮನೆ, ಸ್ವಲ್ಪ ಜಮೀನು, ಕುಡುಕ ಅಪ್ಪ. ಹನ್ನೊಂದು ವರ್ಷಕ್ಕೆ ಶಾಲೆ ಮುಗಿಯಿತು. ಹುಡುಗ ಬುಕಾರೆಸ್ಟ್‌ಗೆ ಬಂದು ಚಪ್ಪಲಿ ಹೊಲಿಯುವವರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಆ ಅಂಗಡಿಯ ಯಜಮಾನನೇ ಕಮ್ಯುನಿಸ್ಟ್ ಪಕ್ಷದವನು. ಪಕ್ಷದ ಮೇಲೆ 1924ರಿಂದಲೇ ನಿಷೇಧ ಇತ್ತು. ಹದಿನೈದರ ಆಸುಪಾಸಿನಲ್ಲೇ ಹುಡುಗನನ್ನು ಪೊಲೀಸರು ಹಿಡಿದರು. ಆಮೇಲೆ ಅದೇ ರೂಢಿಯಾಯಿತು. 1936ರಿಂದ ಎರಡು ವರ್ಷ ದೊಫ್ತಾನಾ ಜೈಲು, ಯುದ್ಧದ ಕಾಲದಲ್ಲಿ ಮತ್ತೆ ಜೈಲು, ಕೊನೆಗೆ ತಿರ್ಗು ಜಿಯು ಎಂಬಲ್ಲಿನ ಬಂಧಿಗಳ ಶಿಬಿರ.

ಈ ಶಿಬಿರ ಆತನ ಬದುಕು ಬದಲಿಸಿತು. ಪಕ್ಷದ ಹಿರಿಯ ಗ್ಯೋರ್ಗೆ ಗ್ಯೋರ್ಗಿಯು-ದೇಜ್ ಕೂಡ ಅಲ್ಲೇ ಬಂಧಿಯಾಗಿದ್ದ. ರೈಲ್ವೆ ಕಾರ್ಮಿಕರ ನಾಯಕ ಆತ. ಯುವಕ ಚೌಶೆಸ್ಕು ಆತನ ಬಲಗೈಯಾದ. ಆಗ ಇಡೀ ರೊಮೇನಿಯಾದಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯರು ಸುಮಾರು ಸಾವಿರ ಜನ ಇದ್ದರೆ ಹೆಚ್ಚು. ಇದನ್ನು ಮರೆಯಬಾರದು. ಇವರನ್ನು ಅಧಿಕಾರಕ್ಕೆ ತಂದಿದ್ದು ರೊಮೇನಿಯಾದ ಜನರಲ್ಲ. 1944ರಲ್ಲಿ ದೇಶದೊಳಗೆ ಬಂದ ಸೋವಿಯತ್ ಸೇನೆ. 1947ರ ಡಿಸೆಂಬರ್ 30ರಂದು ರಾಜ ಮಿಹಾಯಿ ಸಿಂಹಾಸನ ಬಿಟ್ಟುಕೊಟ್ಟ. ಸಾವಿರ ಜನರ ಪಕ್ಷಕ್ಕೆ ಒಂದು ದೇಶ ನಡೆಸುವಷ್ಟು ಆಳುಗಳು ಬೇಕಾದವು. ಜೈಲಿನಲ್ಲಿ ಜೊತೆಗಿದ್ದವರೇ ಮಂತ್ರಿಗಳಾದರು, ಸೇನಾಧಿಕಾರಿಗಳಾದರು. 1950ರಲ್ಲಿ ಚೌಶೆಸ್ಕು ರಕ್ಷಣಾ ಖಾತೆಯ ಉಪಮಂತ್ರಿಯಾದ. ಸೈನ್ಯದ ತರಬೇತಿ ಇಲ್ಲದಿದ್ದರೂ ಹೆಗಲ ಮೇಲೆ ಜನರಲ್ ಪಟ್ಟಿ ಬಂತು.

ಆತ ಮೇಲೇರಿದ್ದು ಭಾಷಣದಿಂದಲ್ಲ. ಮಾತನಾಡುವಾಗ ತೊದಲುತ್ತಿದ್ದ. ಪಕ್ಷದ ದೊಡ್ಡ ಪಂಡಿತನೂ ಅಲ್ಲ. 1950ರ ದಶಕದ ಮಧ್ಯದಲ್ಲಿ ಆತನ ಕೈಗೆ ಬಂದಿದ್ದು ಪಕ್ಷದ ಸಂಘಟನೆ ಮತ್ತು ಕೇಡರ್ ವಿಭಾಗ. ಯಾವ ಜಿಲ್ಲೆಗೆ ಯಾರು ಕಾರ್ಯದರ್ಶಿ, ಯಾರಿಗೆ ಬಡ್ತಿ, ಯಾರ ಫೈಲ್‌ನಲ್ಲಿ ಏನು ಬರೆದಿದೆ, ಇದೆಲ್ಲ ಆತನ ಮೇಜಿನ ಮೇಲೆ ಹಾದುಹೋಗುತ್ತಿತ್ತು. ಸ್ಟಾಲಿನ್ ಮೇಲೇರಿದ್ದೂ ಇದೇ ದಾರಿಯಲ್ಲಿ. ಕಮ್ಯುನಿಸ್ಟ್ ಪಕ್ಷದಲ್ಲಿ ನೇಮಕಾತಿ ಯಾರ ಕೈಲಿದೆಯೋ ನಾಳೆಯ ಮತವೂ ಅವನ ಕೈಲೇ. ಹತ್ತು ವರ್ಷದಲ್ಲಿ ದೇಶದ ಮೂಲೆಮೂಲೆಯಲ್ಲೂ ‘ನನ್ನನ್ನು ಇಲ್ಲಿಗೆ ತಂದಿದ್ದು ಚೌಶೆಸ್ಕು’ ಎನ್ನುವ ಜನ ಕೂತಿದ್ದರು.

ಇದೇ ಕಾಲದ ಇನ್ನೊಂದು ಘಟನೆ ಹೊಗಳುವವರ ಬಾಯಲ್ಲಿ ಬರುವುದೇ ಇಲ್ಲ. ಜಮೀನುಗಳನ್ನು ಸಾಮೂಹಿಕ ಬೇಸಾಯಕ್ಕೆ ಕಿತ್ತುಕೊಳ್ಳುವ ಕೆಲಸ ನಡೆಯುತ್ತಿತ್ತು. 1957ರ ಡಿಸೆಂಬರ್‌ನಲ್ಲಿ ವಾದು ರೋಶ್ಕಾ ಎಂಬ ಹಳ್ಳಿಯ ರೈತರು ತಿರುಗಿಬಿದ್ದರು. ಅವರನ್ನು ಅಡಗಿಸಲು ಪಕ್ಷ ಕಳಿಸಿದ್ದು ಚೌಶೆಸ್ಕುವನ್ನು. ಸೈನ್ಯ ಗುಂಡು ಹಾರಿಸಿತು. ಒಂಬತ್ತು ರೈತರು ಸತ್ತರು. ಆತನೂ ಅಂಥದ್ದೇ ಹಳ್ಳಿಯಿಂದ, ಅಂಥದ್ದೇ ಮನೆಯಿಂದ ಬಂದವನು.

1965ರ ಮಾರ್ಚ್ 19ರಂದು ದೇಜ್ ಕ್ಯಾನ್ಸರ್‌ನಿಂದ ಸತ್ತ. ಹಿಂದೆಯೇ ಕುರ್ಚಿಗೆ ಪೈಪೋಟಿ. ಹಿರಿಯ ನಾಯಕ ಅಪೊಸ್ತೋಲ್ ಇದ್ದ, ಗುಪ್ತ ಪೊಲೀಸ್ ಪಡೆ ಸೆಕುರಿತಾತೆಯನ್ನು ಕೈಲಿಟ್ಟುಕೊಂಡಿದ್ದ ಗೃಹಮಂತ್ರಿ ದ್ರಾಗಿಚ್ ಇದ್ದ. ಇಬ್ಬರಿಗೂ ವಿರೋಧಿಗಳಿದ್ದರು. ಪ್ರಧಾನಿ ಮೌರರ್ ಮತ್ತು ಉಳಿದ ಹಿರಿಯರು 47 ವರ್ಷದ ಚೌಶೆಸ್ಕುವನ್ನು ಮುಂದೆ ತಂದರು. ಹುಡುಗ, ಹೇಳಿದ ಹಾಗೆ ಕೇಳುತ್ತಾನೆ ಎಂಬ ಲೆಕ್ಕಾಚಾರ. ಒಬ್ಬನೇ ಪಕ್ಷದ ಹುದ್ದೆಯನ್ನೂ ಸರ್ಕಾರದ ಹುದ್ದೆಯನ್ನೂ ಹಿಡಿಯಬಾರದು ಎಂದು ಅದೇ ವರ್ಷ ಪಕ್ಷದ ನಿಯಮದಲ್ಲಿ ಬರೆಸಿದರು. 1967ರ ಡಿಸೆಂಬರ್‌ನಲ್ಲಿ ಆ ನಿಯಮ ಹೋಯಿತು, ಚೌಶೆಸ್ಕು ದೇಶದ ಮುಖ್ಯಸ್ಥನೂ ಆದ. ಮರುವರ್ಷ ದೇಜ್ ಕಾಲದ ಕೊಲೆಗಳ ತನಿಖೆ ಮಾಡಿಸಿ, ಆ ಪಾಪವನ್ನೆಲ್ಲ ದ್ರಾಗಿಚ್‌ನ ತಲೆಗೆ ಕಟ್ಟಿದ. ಹಳೆಯ ಅನ್ಯಾಯ ಬಯಲಿಗೆ ಬಂತು ಎಂದು ಜನ ಸಂತೋಷಪಟ್ಟರು. ಪೈಪೋಟಿ ಕೊಡುತ್ತಿದ್ದವನು ಮನೆಗೆ ಹೋದ. ತನಿಖೆ ಅಲ್ಲಿಗೇ ನಿಂತಿತು.

ಇದರ ನಡುವೆ ಬಂದಿದ್ದು 770ನೇ ನಂಬರಿನ ಆದೇಶ. 1966ರ ಅಕ್ಟೋಬರ್. ಆತ ಕುರ್ಚಿಗೆ ಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ. ಉತ್ತರ ಕೊರಿಯಾ ಪ್ರವಾಸಕ್ಕೆ ಐದು ವರ್ಷ ಬಾಕಿ ಇತ್ತು. ಈ ಒಂದು ಇಸವಿಯೇ ‘ಮೊದಲು ಒಳ್ಳೆಯವನಿದ್ದ’ ಎಂಬ ಮಾತಿಗೆ ಉತ್ತರ.

ರೊಮೇನಿಯಾದಲ್ಲಿ 1957ರಿಂದ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಇತ್ತು. ಗರ್ಭನಿರೋಧಕ ಸಾಧನಗಳು ಸಿಗುತ್ತಿರಲಿಲ್ಲವಾದ್ದರಿಂದ ಹೆಂಗಸರಿಗೆ ಅದೊಂದೇ ದಾರಿ. ಕಾರ್ಖಾನೆಗಳಿಗೆ ನಾಳೆ ಕೈಗಳು ಬೇಕು, ಜನಸಂಖ್ಯೆ ಏರಬೇಕು ಎಂದು ಚೌಶೆಸ್ಕು ರಾತ್ರೋರಾತ್ರಿ ಅದನ್ನು ಮುಚ್ಚಿಸಿದ. 45 ದಾಟಿದವರು, ನಾಲ್ಕು ಮಕ್ಕಳನ್ನು ಹೆತ್ತವರು, ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. 1966ರಲ್ಲಿ ಹುಟ್ಟಿದ ಮಕ್ಕಳು ಸುಮಾರು 2.74 ಲಕ್ಷ. 1967ರಲ್ಲಿ 5.28 ಲಕ್ಷ. ಒಂದೇ ವರ್ಷದಲ್ಲಿ ಹತ್ತಿರಹತ್ತಿರ ಎರಡರಷ್ಟು. ಹೆರಿಗೆ ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲಲಿಲ್ಲ. ಆರೇಳು ವರ್ಷ ಕಳೆಯುವುದರಲ್ಲಿ ಶಾಲೆಗಳಲ್ಲಿ ಬೆಂಚು ಸಾಲಲಿಲ್ಲ.

ಹೆಂಗಸರು ಕಳ್ಳದಾರಿ ಹುಡುಕಿಕೊಂಡರು. ಜನನ ಪ್ರಮಾಣ ಮತ್ತೆ ಇಳಿಯಿತು. ಆಗ ಹಿಡಿತ ಇನ್ನೂ ಬಿಗಿಯಾಯಿತು. ಎಂಬತ್ತರ ದಶಕದಲ್ಲಿ ಕಾರ್ಖಾನೆಗಳಿಗೇ ಡಾಕ್ಟರ್‌ಗಳು ಬಂದು ಕೆಲಸದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಗರ್ಭ ಪರೀಕ್ಷೆ ಮಾಡುತ್ತಿದ್ದರು. ಬಸುರಿ ಎಂದು ಗೊತ್ತಾದರೆ ಹೆಸರು ಪಟ್ಟಿಗೆ ಹೋಗುತ್ತಿತ್ತು. ಆಮೇಲೆ ಮಗು ಯಾಕೆ ಹುಟ್ಟಲಿಲ್ಲ ಎಂದು ಉತ್ತರ ಕೊಡಬೇಕು. ಗರ್ಭಪಾತ ಕೆಟ್ಟು ರಕ್ತ ಸುರಿಯುತ್ತ ಆಸ್ಪತ್ರೆಗೆ ಬಂದವಳನ್ನು ಮುಟ್ಟುವ ಮೊದಲು ಪೊಲೀಸರಿಗೆ ತಿಳಿಸಬೇಕಿತ್ತು. ಯಾರು ಮಾಡಿದರು ಹೇಳು, ಆಮೇಲೆ ಚಿಕಿತ್ಸೆ. ಹೀಗೆ ಸತ್ತ ಹೆಂಗಸರು 23 ವರ್ಷಗಳಲ್ಲಿ ಸುಮಾರು 10,000. ಬೇಡದೆ ಹುಟ್ಟಿದ, ಸಾಕಲಾಗದೆ ಬಿಟ್ಟ ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿ ತುಂಬಿದರು. 1990ರಲ್ಲಿ ಕ್ಯಾಮೆರಾಗಳು ಆ ಬಾಗಿಲುಗಳ ಒಳಗೆ ಹೋದಾಗ, ಕಬ್ಬಿಣದ ತೊಟ್ಟಿಲಿಗೆ ಕಟ್ಟಿಹಾಕಿದ್ದ ಮಕ್ಕಳನ್ನು ಜಗತ್ತು ನೋಡಿತು. ಚೌಶೆಸ್ಕು ಒಳ್ಳೆಯ ನಾಯಕ ಎಂಬ ಮಾತು ಕೇಳಿದಾಗಲೆಲ್ಲ ನನ್ನ ಮನಸ್ಸು ಹೋಗುವುದು ಈ ಹೆಂಗಸರ ಕಡೆಗೆ, ಈ ಮಕ್ಕಳ ಕಡೆಗೆ.

ಆದರೆ ಅರವತ್ತರ ದಶಕದಲ್ಲಿ ಜಗತ್ತು ಇದನ್ನು ನೋಡಲಿಲ್ಲ. ನೋಡಿದ್ದು 1968ರ ಆಗಸ್ಟ್ 21ರ ಬಾಲ್ಕನಿ. ಹಿಂದಿನ ರಾತ್ರಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದವು. ಬುಕಾರೆಸ್ಟ್‌ನಲ್ಲಿ ಪಕ್ಷದ ಕೇಂದ್ರ ಕಚೇರಿಯ ಬಾಲ್ಕನಿಯಿಂದ ಚೌಶೆಸ್ಕು ಇದು ದೊಡ್ಡ ತಪ್ಪು, ಯುರೋಪಿನ ಶಾಂತಿಗೆ ಅಪಾಯ ಎಂದು ಬಹಿರಂಗವಾಗಿ ಹೇಳಿದ. ಕೆಳಗೆ ಸೇರಿದ್ದ ಸಾವಿರಾರು ಜನ ನಿಜವಾಗಿಯೂ ಹುಚ್ಚೆದ್ದು ಕೂಗಿದರು. ಆ ಚಪ್ಪಾಳೆ ಯಾರೂ ಹೇಳಿ ಹೊಡೆಸಿದ್ದಲ್ಲ. ಪಕ್ಷ ಎಂದರೆ ಮುಖ ತಿರುಗಿಸುತ್ತಿದ್ದ ಲೇಖಕರು ಕೂಡ ಆ ವಾರ ಪಕ್ಷಕ್ಕೆ ಸೇರಿದರು.

ಧೈರ್ಯದ ಮಾತೇ ಅದು, ಸುಳ್ಳಲ್ಲ. ಆದರೆ ಆ ಧೈರ್ಯಕ್ಕೆ ನೆಲ ಹದ ಮಾಡಿದ್ದು ದೇಜ್. 1958ರಲ್ಲೇ ಸೋವಿಯತ್ ಸೇನೆಯನ್ನು ದೇಶದಿಂದ ಹೊರಗೆ ಕಳಿಸಿದ್ದ, 1964ರಲ್ಲಿ ನಮ್ಮ ದಾರಿ ನಮ್ಮದು ಎಂದು ಪಕ್ಷದಿಂದ ಘೋಷಿಸಿದ್ದ. ಜೊತೆಗೆ, ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ ನಡೆಯುತ್ತಿದ್ದ ಸುಧಾರಣೆ ಚೌಶೆಸ್ಕುವಿಗೆ ಬೇಕಿರಲಿಲ್ಲ. ಪತ್ರಿಕಾ ಸ್ವಾತಂತ್ರ್ಯ, ಪಕ್ಷದೊಳಗಿನ ಚರ್ಚೆ, ಇದ್ಯಾವುದನ್ನೂ ಆತ ತನ್ನ ದೇಶಕ್ಕೆ ತರಲಿಲ್ಲ. ಬೇರೆಯವರು ನಮ್ಮ ಮನೆಯೊಳಗೆ ತಲೆ ಹಾಕಬಾರದು ಎಂದಷ್ಟೇ ಆತ ಹೇಳಿದ್ದು. ಮನೆಯೊಳಗೆ ತಾನು ಏನು ಮಾಡುತ್ತೇನೆ ಎಂಬುದಕ್ಕೂ ಆ ಮಾತಿನಿಂದಲೇ ರಕ್ಷಣೆ ಸಿಕ್ಕಿತು.

ಪಶ್ಚಿಮದ ದೇಶಗಳಿಗೆ ಅಷ್ಟು ಸಾಕಾಯಿತು. ಮಾಸ್ಕೋಗೆ ಎದುರು ನಿಲ್ಲುವ ಕಮ್ಯುನಿಸ್ಟ್ ಸಿಕ್ಕಿದ್ದಾನೆ, ಮತ್ತೇನು ಬೇಕು? 1969ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬುಕಾರೆಸ್ಟ್‌ಗೆ ಬಂದ. 1972ರಲ್ಲಿ ಐಎಂಎಫ್ ಸದಸ್ಯತ್ವ, 1975ರಲ್ಲಿ ಅಮೆರಿಕದಿಂದ ವ್ಯಾಪಾರದ ರಿಯಾಯಿತಿ. 1978ರಲ್ಲಿ ಗಂಡ ಹೆಂಡತಿ ಇಬ್ಬರೂ ಬ್ರಿಟನ್ನಿನ ರಾಣಿಯ ಅತಿಥಿಗಳಾಗಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಉಳಿದರು. ಶಾಲೆಯನ್ನೇ ಮುಗಿಸದ ಹೆಂಡತಿ ಎಲೆನಾ ಅಷ್ಟು ಹೊತ್ತಿಗೆ ಡಾಕ್ಟರೇಟ್ ಪಡೆದ ರಸಾಯನಶಾಸ್ತ್ರ ವಿಜ್ಞಾನಿ ಆಗಿದ್ದಳು, ರೊಮೇನಿಯನ್ ಅಕಾಡೆಮಿಯ ಸದಸ್ಯೆಯೂ ಆಗಿದ್ದಳು. ಸಂಶೋಧನೆ ಬೇರೆಯವರದು, ಹೆಸರು ಈಕೆಯದು. ಬ್ರಿಟನ್ನಿನ ರಸಾಯನಶಾಸ್ತ್ರ ಸಂಸ್ಥೆ ಈಕೆಗೆ ಗೌರವ ಸದಸ್ಯತ್ವವನ್ನೂ ಕೊಟ್ಟಿತು. ಮನೆಯಲ್ಲಿ ಒಂದು ಮಾತಿಗೂ ಹೆದರುತ್ತಿದ್ದ ರೊಮೇನಿಯನ್ನರಿಗೆ ಈ ಫೋಟೋಗಳಿಂದ ತಲುಪಿದ ಸಂದೇಶ ಒಂದೇ: ಹೊರಗೆ ಯಾರೂ ನಿಮ್ಮ ಪರವಾಗಿಲ್ಲ.

1971ರ ಚೀನಾ, ಉತ್ತರ ಕೊರಿಯಾ ಪ್ರವಾಸ ಆತನನ್ನು ಬದಲಿಸಿತು ಎಂಬುದರಲ್ಲಿ ಸ್ವಲ್ಪ ನಿಜ ಇದೆ. ಕ್ರೀಡಾಂಗಣ ತುಂಬಿದ ಮಕ್ಕಳು ಒಬ್ಬ ಮನುಷ್ಯನ ಮುಖವನ್ನು ಬಣ್ಣದ ಹಲಗೆಗಳಲ್ಲಿ ಮೂಡಿಸುವುದು ಆತನಿಗೆ ಹಿಡಿಸಿತು. ವಾಪಸು ಬಂದವನೇ ಜುಲೈನಲ್ಲಿ ಸಾಹಿತ್ಯ, ಸಿನಿಮಾ, ಶಿಕ್ಷಣ ಎಲ್ಲಕ್ಕೂ ಪಕ್ಷದ ಲಗಾಮು ಬಿಗಿದ. 1974ರಲ್ಲಿ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಳ್ಳುವಾಗ ರಾಜರ ಹಾಗೆ ರಾಜದಂಡ ಹಿಡಿದ. ಚಿತ್ರಕಾರ ಸಾಲ್ವದೋರ್ ದಾಲಿ ಅಣಕಿಸಿ ಕಳಿಸಿದ ಅಭಿನಂದನೆಯ ತಂತಿಯನ್ನು ಪಕ್ಷದ ಪತ್ರಿಕೆ ನಿಜ ಎಂದು ನಂಬಿ ಅಚ್ಚು ಹಾಕಿತು. ಆದರೂ, ಬೇಕಾದ ಅಧಿಕಾರ ಅಷ್ಟರಲ್ಲಾಗಲೇ ಕೈಯಲ್ಲಿತ್ತು. ಪ್ರವಾಸದಿಂದ ಆತ ತಂದಿದ್ದು ಅಲಂಕಾರ.

ಇನ್ನು ಸಾಲದ ವಿಷಯ. ಚೌಶೆಸ್ಕು ದೇಶದ ಸಾಲವನ್ನೆಲ್ಲ ತೀರಿಸಿದ ಎಂಬುದು ಇವತ್ತಿಗೂ ಆತನ ಪರವಾಗಿ ಬರುವ ಮುಖ್ಯ ವಾದ. ತೀರಿಸಿದ್ದು ನಿಜ. ಸಾಲ ಮಾಡಿದ್ದೂ ಆತನೇ. ಎಪ್ಪತ್ತರ ದಶಕದಲ್ಲಿ ಪಶ್ಚಿಮದ ಬ್ಯಾಂಕುಗಳಿಂದ ಹಣ ತಂದು ಉಕ್ಕಿನ ಕಾರ್ಖಾನೆ, ತೈಲ ಸಂಸ್ಕರಣಾಗಾರ ಕಟ್ಟಿಸಿದ. ದೇಶದಲ್ಲಿ ಸಿಗುವ ಕಚ್ಚಾ ತೈಲಕ್ಕಿಂತ ಸಂಸ್ಕರಣಾಗಾರಗಳ ಹೊಟ್ಟೆ ಬಹಳ ದೊಡ್ಡದಿತ್ತು. ಹೊರಗಿನ ತೈಲ ತಂದು ಸಂಸ್ಕರಿಸಿ ಮಾರುವ ಯೋಜನೆ. 1979ರಲ್ಲಿ ಇರಾನ್‌ನಲ್ಲಿ ಕ್ರಾಂತಿಯಾಯಿತು, ತೈಲದ ಬೆಲೆ ಹಾರಿತು, ಬಡ್ಡಿಯೂ ಏರಿತು. 1981ರ ಹೊತ್ತಿಗೆ ಸಾಲ ಸುಮಾರು 10 ಶತಕೋಟಿ ಡಾಲರ್. ಪೋಲೆಂಡ್, ಹಂಗರಿ ಕೂಡ ಇದೇ ಸುಳಿಯಲ್ಲಿದ್ದವು. ಪೋಲೆಂಡ್ ಕಂತು ಮುಂದೂಡಿಸಿಕೊಂಡು, ಹಂಗರಿ ಹೊಸ ಸಾಲ ತಂದು ನಡೆದವು. ಚೌಶೆಸ್ಕು ಮಾತ್ರ ಪೂರ್ತಿ ತೀರಿಸಿಯೇ ಸಿದ್ಧ ಎಂದು ಹಟ ಹಿಡಿದ. ಸಾಲ ಕೊಟ್ಟವರು ಷರತ್ತು ಹಾಕುತ್ತಾರೆ, ಆತನಿಗೆ ಷರತ್ತು ಬೇಡ.

ಮಾಂಸ, ಮೊಟ್ಟೆ, ಬೆಣ್ಣೆ, ಗೋಧಿ ಎಲ್ಲ ರಫ್ತಿಗೆ ಹೋಯಿತು. ಅದನ್ನೆಲ್ಲ ಬೆಳೆದ ದೇಶದಲ್ಲೇ ಬ್ರೆಡ್ಡಿಗೆ ರೇಷನ್ ಬಂತು. ಜನ ಜಾಸ್ತಿ ತಿನ್ನುತ್ತಿದ್ದಾರೆ, ಕಡಿಮೆ ತಿನ್ನುವುದೇ ವೈಜ್ಞಾನಿಕ ಎಂದು ಸರ್ಕಾರ ಆಹಾರದ ಯೋಜನೆಯನ್ನೇ ಹೊರಡಿಸಿತು. ಬೆಳಗಿನ ಜಾವದಿಂದ ಅಂಗಡಿ ಮುಂದೆ ಸಾಲು. ಚಳಿಗಾಲದಲ್ಲಿ ಮನೆಯೊಳಗೂ ಕೋಟು ಬಿಚ್ಚುವ ಹಾಗಿಲ್ಲ. ಕೋಣೆಗೆ 40 ವಾಟ್ ಬಲ್ಬು. ಟಿವಿ ದಿನಕ್ಕೆ ಎರಡು ಗಂಟೆ, ಅದರಲ್ಲೂ ಹೆಚ್ಚು ಹೊತ್ತು ಆತನದೇ ಮುಖ. ಜರ್ಮನ್ ಭಾಷೆಯ ಪ್ರಜೆಗಳನ್ನು ಪಶ್ಚಿಮ ಜರ್ಮನಿಗೆ ತಲೆಗಿಷ್ಟು ಎಂದು ಹಣ ತೆಗೆದುಕೊಂಡು ಕಳಿಸಲಾಯಿತು. ಹಾಗೆ ಹೋದವರು ಎರಡು ಲಕ್ಷಕ್ಕೂ ಹೆಚ್ಚು. ಇದೇ ಬಡತನದ ನಡುವೆ ಬುಕಾರೆಸ್ಟ್‌ನ ಹಳೆಯ ಉರಾನುಸ್ ಬಡಾವಣೆಯನ್ನು ನೆಲಸಮ ಮಾಡಿ, ಜಗತ್ತಿನ ಅತಿ ದೊಡ್ಡ ಕಟ್ಟಡಗಳಲ್ಲಿ ಒಂದನ್ನು ಎಬ್ಬಿಸುವ ಕೆಲಸ ನಡೆಯುತ್ತಿತ್ತು. ಅದು ಹೆಸರಾಗಿದ್ದು ‘ಜನರ ಮನೆ’ ಎಂದು. ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆ ಕಳೆದುಕೊಂಡವು.

1987ರ ನವೆಂಬರ್ 15ರಂದು ಬ್ರಶೋವ್ ಊರಿನ ಲಾರಿ ಕಾರ್ಖಾನೆಯ ಕಾರ್ಮಿಕರು ಸಂಬಳ ಕಡಿತದ ಸಿಟ್ಟಿನಲ್ಲಿ ಬೀದಿಗಿಳಿದರು. ಕಾರ್ಮಿಕರದೇ ಸರ್ಕಾರ ಎಂದು ಹೇಳಿಕೊಳ್ಳುವ ದೇಶದಲ್ಲಿ ಕಾರ್ಮಿಕರು ಪಕ್ಷದ ಕಚೇರಿಗೆ ನುಗ್ಗಿ ಚೌಶೆಸ್ಕುವಿನ ಫೋಟೋ ಕಿತ್ತೆಸೆದರು. ನೂರಾರು ಜನರನ್ನು ಹಿಡಿದು ಹೊಡೆದರು, ಹಲವರನ್ನು ದೂರದ ಊರುಗಳಿಗೆ ಅಟ್ಟಿದರು. ಸಾಲ ಪೂರ್ತಿ ತೀರಿತು ಎಂದು ಆತ ಘೋಷಿಸಿದ್ದು 1989ರ ಏಪ್ರಿಲ್‌ನಲ್ಲಿ. ರೇಷನ್ ಮಾತ್ರ ನಿಲ್ಲಲಿಲ್ಲ.

ಡಿಸೆಂಬರ್ 21ರಂದು ಆತ ಮತ್ತೆ ಅದೇ ಬಾಲ್ಕನಿಗೆ ಬಂದ. ತಿಮಿಶೊವಾರಾ ನಗರದಲ್ಲಿ ತಿರುಗಿಬಿದ್ದವರ ಮೇಲೆ ಆಗಲೇ ಗುಂಡು ಹಾರಿತ್ತು, ಹೆಣ ಬಿದ್ದಿದ್ದವು. ಕಾರ್ಖಾನೆಗಳಿಂದ ಬಸ್ಸಿನಲ್ಲಿ ಜನರನ್ನು ತುಂಬಿ ತಂದಿದ್ದರು. ಭಾಷಣದ ನಡುವೆ ಗುಂಪಿನಿಂದ ಕೂಗು ಎದ್ದಿತು. ಆತ ಮಾತು ನಿಲ್ಲಿಸಿ ಕೈ ಎತ್ತಿದ, ‘ಹಲೋ, ಹಲೋ’ ಎಂದು ಮೈಕಿಗೆ ಹೇಳುತ್ತಲೇ ಇದ್ದ. ನೇರ ಪ್ರಸಾರ ಕಡಿದುಹೋಯಿತು. ಮತ್ತೆ ಶುರುವಾದಾಗ ಕನಿಷ್ಠ ಸಂಬಳವನ್ನು 2,000ದಿಂದ 2,200 ಲೇಯ್‌ಗೆ ಏರಿಸುತ್ತೇನೆ ಎಂದ. ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆ ರಾತ್ರಿ ಬೀದಿಯಲ್ಲಿ ನಿಂತವರಲ್ಲಿ ಎಷ್ಟೋ ಜನ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದವರು. 770ರ ಆದೇಶದಿಂದ ಹುಟ್ಟಿದ ಮಕ್ಕಳು. ಮರುದಿನ ಗಂಡ ಹೆಂಡತಿ ಕಟ್ಟಡದ ಮೇಲಿನಿಂದ ಹೆಲಿಕಾಪ್ಟರ್ ಹತ್ತಿ ಓಡಿದರು. 25ರಂದು ತಿರ್ಗೊವಿಷ್ಟೆಯ ಸೇನಾ ಶಿಬಿರದಲ್ಲಿ ಒಂದು ಗಂಟೆಯ ವಿಚಾರಣೆ. ಹಿಂದೆಯೇ ಗುಂಡು.

ಇವತ್ತಿನ ಸಮೀಕ್ಷೆಯ ಬೇರು ಆ ಒಂದು ಗಂಟೆಯಲ್ಲೂ ಇದೆ ಎಂದು ನನಗೆ ಅನ್ನಿಸುತ್ತದೆ. 60,000 ಜನರನ್ನು ಕೊಂದ ಎಂಬ ಸುಳ್ಳು ಸಂಖ್ಯೆಯನ್ನು ಆರೋಪದಲ್ಲಿ ಸೇರಿಸಿದರು. ನಿಜವಾಗಿ ಕೇಳಬೇಕಾದ್ದನ್ನು ಕೇಳಲಿಲ್ಲ. ಗರ್ಭಪಾತದ ಆದೇಶಕ್ಕೆ ಸತ್ತವರ ಪಟ್ಟಿ, ವಾದು ರೋಶ್ಕಾದ ಒಂಬತ್ತು ಹೆಸರು, ಬ್ರಶೋವ್‌ನ ಕಾರ್ಮಿಕರು, ಯಾವುದೂ ಸರಿಯಾಗಿ ದಾಖಲೆಗೆ ಬರಲಿಲ್ಲ. ಅವಸರ ಯಾರಿಗಿತ್ತು? ಹೊಸದಾಗಿ ಅಧಿಕಾರ ಹಿಡಿದ ಇಯೊನ್ ಇಲಿಯೆಸ್ಕು ಮತ್ತು ಸಂಗಡಿಗರಲ್ಲಿ ಹೆಚ್ಚಿನವರು ಅದೇ ಪಕ್ಷದವರು. ಇಲಿಯೆಸ್ಕು 1971ರ ಉತ್ತರ ಕೊರಿಯಾ ಪ್ರವಾಸದಲ್ಲಿ ಚೌಶೆಸ್ಕುವಿನ ಜೊತೆಗಿದ್ದವರು. ಸತ್ತವನ ತಲೆಗೆ ಎಲ್ಲವನ್ನೂ ಕಟ್ಟಿದರೆ ಉಳಿದವರು ಪಾರು. 1968ರಲ್ಲಿ ದ್ರಾಗಿಚ್ ಮೇಲೆ ಚೌಶೆಸ್ಕು ಮಾಡಿದ್ದೂ ಇದನ್ನೇ.

ಇನ್ನೊಂದು ಬೇರು ಮನೆ. ಅಪಾರ್ಟ್‌ಮೆಂಟ್‌ಗಳನ್ನು ಕಟ್ಟಿಸಿದ್ದು ಆ ಸರ್ಕಾರ. 1990ರ ನಂತರ ಅದರಲ್ಲಿದ್ದವರು ಕಡಿಮೆ ಬೆಲೆಗೆ ಅವನ್ನು ಕೊಂಡುಕೊಂಡರು. ಇವತ್ತು ರೊಮೇನಿಯಾದಲ್ಲಿ ಶೇ 90ಕ್ಕೂ ಹೆಚ್ಚು ಜನ ಸ್ವಂತ ಮನೆಯಲ್ಲಿದ್ದಾರೆ, ಯುರೋಪಿಯನ್ ಒಕ್ಕೂಟದಲ್ಲೇ ಇದು ಅತಿ ಹೆಚ್ಚು. ಎಪ್ಪತ್ತು ದಾಟಿದವರಿಗೆ ತಲೆಯ ಮೇಲಿನ ಆ ಸೂರು ಚೌಶೆಸ್ಕು ಕಾಲದ್ದು. ಆಮೇಲಿನ ಸರ್ಕಾರಗಳ ಕಾಲದಲ್ಲಿ ಅವರು ಕಂಡಿದ್ದು ಮುಚ್ಚಿದ ಕಾರ್ಖಾನೆಗಳನ್ನು, ಇಟಲಿ ಸ್ಪೇನ್‌ಗೆ ದುಡಿಯಲು ಹೋದ ಮಕ್ಕಳನ್ನು. ಅವರ ನೋವು ಸುಳ್ಳಲ್ಲ.

ಆದರೆ ಅದೇ ಕಟ್ಟಡಗಳ ವಿಷಯದಲ್ಲೇ ಒಬ್ಬ ಮನುಷ್ಯ ಪ್ರಾಣ ಕಳೆದುಕೊಂಡ. 1977ರ ಮಾರ್ಚ್ 4ರ ಭೂಕಂಪದಲ್ಲಿ ಸುಮಾರು 1,500 ಜನ ಸತ್ತಿದ್ದರು, ಹೆಚ್ಚಿನವರು ಬುಕಾರೆಸ್ಟ್‌ನವರು. ಬಿರುಕುಬಿಟ್ಟ ಕಟ್ಟಡಗಳನ್ನು ಗಟ್ಟಿ ಮಾಡುವ ಕೆಲಸದಲ್ಲಿ ಗ್ಯೋರ್ಗೆ ಉರ್ಸು ಎಂಬ ಎಂಜಿನಿಯರ್ ಇದ್ದರು. ಅದೇ ವರ್ಷ ಜುಲೈನಲ್ಲಿ ಚೌಶೆಸ್ಕು ಆ ಕೆಲಸ ಸಾಕು, ನಿಲ್ಲಿಸಿ ಎಂದ. ಒಳಗೆ ಜನ ವಾಸವಾಗಿದ್ದಾರೆ, ಇನ್ನೊಂದು ಭೂಕಂಪ ಬಂದರೆ ಉಳಿಯುವುದಿಲ್ಲ ಎಂದು ಉರ್ಸು ಬರೆದು ವಿದೇಶಿ ರೇಡಿಯೊಗೆ ಕಳಿಸಿದರು. ಅವರಿಗೆ ಡೈರಿ ಬರೆಯುವ ಅಭ್ಯಾಸವೂ ಇತ್ತು. 1985ರಲ್ಲಿ ಡೈರಿಗಳನ್ನು ಹಿಡಿದರು, ಅವರನ್ನೂ ಹಿಡಿದರು. ನವೆಂಬರ್‌ನಲ್ಲಿ ಹೊಡೆತದಿಂದ ಜೈಲಿನ ಆಸ್ಪತ್ರೆಯಲ್ಲಿ ಸತ್ತರು. ಹೊಡೆದ ಸೆಲ್ ಸಂಗಾತಿಗೂ ಇಬ್ಬರು ಪೊಲೀಸ್ ಅಧಿಕಾರಿಗಳಿಗೂ ವರ್ಷಗಳ ನಂತರ ಶಿಕ್ಷೆಯಾಯಿತು. ವಿಚಾರಣೆ ನಡೆಸಿದ ಇಬ್ಬರು ಸೆಕುರಿತಾತೆ ಅಧಿಕಾರಿಗಳನ್ನು 2023ರ ಜುಲೈನಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಖುಲಾಸೆ ಮಾಡಿತು. 1989ರ ಸಾವುಗಳಿಗಾಗಿ ಇಲಿಯೆಸ್ಕು ಮೇಲಿದ್ದ ಮೊಕದ್ದಮೆಯೂ ಮುಗಿಯಲಿಲ್ಲ. ಆ ಸಮೀಕ್ಷೆ ಹೊರಬಂದ ಮರುತಿಂಗಳು, 2025ರ ಆಗಸ್ಟ್ 5ರಂದು, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.